ಹಿಂದೊಂದು ಎಂಜಿನ್, ಮುಂದೊಂದು ಎಂಜಿನ್

ಅಪ್ಪ ಒಪ್ಪಿದ್ದು ಒಂದೇ ಒಂದು ಸುತ್ತು ಹಾರಲು.

"ಒಂದ್ ಸಲ ಕುಂತು ನೋಡ್ತೇನಿ. ಸರಿ ಅನಿಸಿದ್ರ ಇಟ್ಕೋ. ಇಲ್ಲಾಂದ್ರ ಯಾರಿಗರ ಕೊಟ್ಟುಬಿಡು. ಆಮ್ಯಾಲ ಹೊಳ್ಳಿ ಅದರ ಸುದ್ದಿ ತಗೀಬಾರ್ದು," ಅಂದಿದ್ದ. ನಾನು ಹೂಂ ಅಂದಿದ್ದೆ. ಆಗ ನನಗೆ ಮೂವತ್ತಾರು, ಅವನಿಗೆ ಎಪ್ಪತ್ತರ ಹತ್ತಿರ. ಮೂವತ್ತಾರರ ಗಂಡಸು ಸ್ವಂತ ವಿಮಾನ ಇಟ್ಟುಕೊಳ್ಳಲು ಅಪ್ಪನ ಅಪ್ಪಣೆ ಕೇಳುವುದು ನಗೆಪಾಟಲು ಅನ್ನಿಸಬಹುದು. ನಗುವವರು ನಮ್ಮ ಮನೆಗೆ ಬಂದು ಒಂದು ವಾರ ಇದ್ದು ನೋಡಲಿ.

ಬ್ಯಾಡಗಿಯಲ್ಲಿ ನಮ್ಮದು ಮೆಣಸಿನಕಾಯಿ ವ್ಯಾಪಾರ. ಮಾರುಕಟ್ಟೆಯೊಳಗಿನ ಅಂಗಡಿ ಅಪ್ಪನದು, ಊರ ಹೊರಗಿನ ಕೋಲ್ಡ್ ಸ್ಟೋರೇಜ್ ನನ್ನದು. ಅಪ್ಪ ಒಂದು ಮೆಣಸಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ, ಒಳಗಿನ ಬೀಜದ ಸದ್ದಿನ ಮೇಲೆ ಅದು ಎಷ್ಟು ಒಣಗಿದೆ ಎಂದು ಹೇಳುತ್ತಿದ್ದ. ತೇವ ಅಳೆಯುವ ಮೀಟರು ಬಂದ ಮೇಲೂ ಅದನ್ನು ಮುಟ್ಟಿದವನಲ್ಲ. ನಾನೂ ಅದೇ ತಳಿ. ಸ್ಟೋರೇಜ್‌ನಲ್ಲಿ ಎರಡು ದೊಡ್ಡ ಕಂಪ್ರೆಸರುಗಳಿದ್ದವು. ಅವುಗಳ ಸದ್ದಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಆಫೀಸಿನಲ್ಲಿ ಕೂತ ನನಗೆ ಗೊತ್ತಾಗುತ್ತಿತ್ತು. ಗೇಜು ನೋಡಿ ಯಂತ್ರ ನಡೆಸುವವರು ನನ್ನ ಕಣ್ಣಿಗೆ ಅರ್ಧ ಕೆಲಸಗಾರರು. ಅದನ್ನು ಅವರ ಮುಖಕ್ಕೇ ಹೇಳುವಷ್ಟು ಸೊಕ್ಕೂ ಇತ್ತು.

ವಿಮಾನದ ಹುಚ್ಚು ಎಲ್ಲಿಂದ ಹತ್ತಿತು ಎಂದು ಕೇಳಿದವರಿಗೆಲ್ಲ ನಾನು ಕೊಡುತ್ತಿದ್ದ ಉತ್ತರ ಒಂದೇ: ಸೀನು. ಹುಟ್ಟಿದಾಗಿನಿಂದ ಮೆಣಸಿನಕಾಯಿ ಘಾಟಿನಲ್ಲಿ ಸೀನಿ ಸೀನಿ ಬೆಳೆದವ ನಾನು. ಬೆಂಗಳೂರಿನಲ್ಲಿ ಓದುವಾಗ ಫ್ಲೈಯಿಂಗ್ ಕ್ಲಬ್ಬಿನ ಸಣ್ಣ ವಿಮಾನದಲ್ಲಿ ಮೊದಲ ಸಲ ಮೇಲೆ ಹೋದೆ. ಇಡೀ ಎದೆಯಲ್ಲಿ ಗಾಳಿ ತುಂಬಿಕೊಂಡಂತಾಯಿತು. ಅಷ್ಟು ತಿಳಿಯಾದ ಗಾಳಿ ಇರುತ್ತದೆಂದೇ ನನಗೆ ಗೊತ್ತಿರಲಿಲ್ಲ. ಲೈಸೆನ್ಸು ತೆಗೆದುಕೊಂಡೆ, ಊರಿಗೆ ಬಂದೆ, ಹತ್ತು ವರ್ಷ ಕಂಪ್ರೆಸರು ಕಾದೆ. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿರಬೇಕು, ಗೆಳೆಯನೊಬ್ಬ ಒಂದು ಫೋಟೊ ತಂದು ತೋರಿಸಿದ. ಮೂವತ್ತು ವರ್ಷ ಹಳೆಯ ವಿಮಾನ. ಇಟ್ಟುಕೊಂಡಿದ್ದವರು ಮಾರಬೇಕೆಂದಿದ್ದರು.

ಎರಡು ಎಂಜಿನ್ನಿನ ವಿಮಾನ ಅಂದರೆ ಎಲ್ಲರ ಕಣ್ಣಿಗೂ ಬರುವುದು ರೆಕ್ಕೆಗೊಂದು ಎಂಜಿನ್. ಇದರಲ್ಲಿ ಒಂದು ಮೂಗಿನಲ್ಲಿತ್ತು, ಇನ್ನೊಂದು ಬೆನ್ನ ಹಿಂದೆ. ಹಿಂದಿನ ಪಂಖ ತಿರುಗಲು ಜಾಗ ಬೇಕೆಂದು ಬಾಲವನ್ನು ಎರಡು ಉದ್ದನೆಯ ಕೋಲುಗಳ ತುದಿಗೆ ಸಿಕ್ಕಿಸಿದ್ದರು. ನಮ್ಮ ಮಾರುಕಟ್ಟೆಯಲ್ಲಿ ಚೀಲ ಹೇರಿದ ಕೈಗಾಡಿಯನ್ನು ಮುಂದೊಬ್ಬ ಹಮಾಲ ಎಳೆದರೆ ಹಿಂದೊಬ್ಬ ನೂಕುತ್ತಾನಲ್ಲ, ಅದೇ ಏರ್ಪಾಡು. ನೋಡಿದ ಕೂಡಲೇ ಇದು ನಮ್ಮ ಊರಿನದೇ ಅನ್ನಿಸಿಬಿಟ್ಟಿತು. ಗೆಳೆಯ ನಕ್ಕ. ನಾನು ನಗಲಿಲ್ಲ. ಎರಡು ಎಂಜಿನ್ನಿನ ಪರೀಕ್ಷೆಯನ್ನೂ ಪಾಸು ಮಾಡಿಕೊಂಡು, ಎಂಟು ತಿಂಗಳು ಕಾಗದಪತ್ರಕ್ಕೆ ಅಲೆದು, ಅದನ್ನು ತಂದೆ.

ಇಟ್ಟಿದ್ದು ಕುಮಾರಪಟ್ಟಣದ ಆಚೆ, ತುಂಗಭದ್ರೆಯ ದಂಡೆಯ ಹತ್ತಿರ ವಿಮಾನ ಏರಿಳಿಯುವ ಒಂದು ಖಾಸಗಿ ಓಟದಾರಿಯಲ್ಲಿ. ಒಂದು ತಗಡಿನ ಶೆಡ್ಡು, ಗಾಳಿಯ ದಿಕ್ಕು ತೋರಿಸುವ ಒಂದು ಗಾಳಿಚೀಲ, ಕಾವಲಿಗೆ ನಮ್ಮಲ್ಲೇ ಹಮಾಲಿ ಮಾಡಿ ಬಿಟ್ಟ ಒಬ್ಬ ಮುದುಕ. ಗಾಳಿ ತಿರುಗಿದರೆ ಹತ್ತಿರದ ಮರದ ತಿರುಳಿನ ಕಾರ್ಖಾನೆಯ ವಾಸನೆ ಬರುತ್ತಿತ್ತು. ಭಾನುವಾರ ಬೆಳಗ್ಗೆ ಬ್ಯಾಡಗಿಯಿಂದ ಕಾರಿನಲ್ಲಿ ಹೊರಟು, ಮೋಟೆಬೆನ್ನೂರಿನಲ್ಲಿ ಚಹಾ ಕುಡಿದು, ಅಗೆದು ಹಾಕಿದ ಹೆದ್ದಾರಿಯಲ್ಲಿ ಎದ್ದುಬಿದ್ದು ರಾಣೆಬೆನ್ನೂರು ದಾಟಿ ಅಲ್ಲಿಗೆ ತಲುಪಿದರೆ ಮೈಯ ಕೀಲೆಲ್ಲ ಸಡಿಲಾಗಿರುತ್ತಿತ್ತು. ಶೆಡ್ಡಿನ ಬಾಗಿಲು ಸರಿಸಿ ಆ ಎರಡು ಬಾಲ ಕಂಡರೆ ಸಾಕು, ಸಿಟ್ಟು, ದಣಿವು ಎರಡೂ ಇಳಿಯುತ್ತಿದ್ದವು. ಅದರ ಮೇಲೆ ನನಗಿದ್ದ ಪ್ರೀತಿಯನ್ನು ನನ್ನ ಹೆಂಡತಿ ಸವತಿಯ ಮಟ್ಟಕ್ಕೇ ಲೆಕ್ಕ ಹಾಕಿದ್ದಳು. ತಪ್ಪೇನೂ ಅಲ್ಲ.

ಅಷ್ಟು ಮೆಚ್ಚುಗೆಗೆ ಕಾರಣವೂ ಇತ್ತು. ರೆಕ್ಕೆಗೊಂದು ಎಂಜಿನ್ ಇರುವ ವಿಮಾನದಲ್ಲಿ ಒಂದು ಕೆಟ್ಟು ನಿಂತರೆ, ಕೆಲಸ ಮಾಡುವ ಇನ್ನೊಂದು ಎಂಜಿನ್ ವಿಮಾನವನ್ನು ಪಕ್ಕಕ್ಕೆ ತಿರುಗಿಸಿಬಿಡುತ್ತದೆ. ಪೈಲಟ್ ಗಾಬರಿಯಾದರೆ ಮಗುಚಿಕೊಳ್ಳುತ್ತದೆ. ನಮ್ಮದರಲ್ಲಿ ಎರಡೂ ಒಂದೇ ಗೆರೆಯಲ್ಲಿದ್ದವು. ಯಾವುದು ನಿಂತರೂ ಮೂಗು ನೆಟ್ಟಗೇ ಇರುತ್ತಿತ್ತು. ಇದನ್ನು ನಾನು ಸಿಕ್ಕಸಿಕ್ಕವರ ಮುಂದೆ ಕೊಚ್ಚಿಕೊಳ್ಳುತ್ತಿದ್ದೆ. ಒಂದು ನಿಂತರೆ ವಿಮಾನ ಸುಮ್ಮನೇ ಇದ್ದುಬಿಡುತ್ತದೆ, ನಿಂತಿದ್ದನ್ನು ಪೈಲಟ್ ತಾನೇ ಗಮನಿಸಬೇಕು ಎನ್ನುವ ಮಾತನ್ನು ಕಲಿಸಿದವರು ಎರಡು ಸಲ ಹೇಳಿದ್ದರು. ಹಿಂದಿನ ಎಂಜಿನ್ ಕಣ್ಣಿಗೆ ಕಾಣುವುದಿಲ್ಲ, ಓಟಕ್ಕೆ ಮೊದಲು ಎಂಜಿನ್ನಿಗೆ ಹರಿಯುವ ಇಂಧನ ತೋರಿಸುವ ಮುಳ್ಳು ನೋಡು ಅಂದಿದ್ದರು. ನನಗೆ ಕಿವಿ ಇದೆಯಲ್ಲ, ಮುಳ್ಳು ಯಾಕೆ ಅಂದುಕೊಂಡಿದ್ದೆ.

ಅಪ್ಪ ಬಂದದ್ದು ಫೆಬ್ರುವರಿಯ ಒಂದು ಬೆಳಗ್ಗೆ. ಸುಗ್ಗಿಯ ಗದ್ದಲದ ನಡುವೆ ಅಂಗಡಿ ಬಿಟ್ಟು ಬಂದಿದ್ದ ಅನ್ನುವುದೇ ದೊಡ್ಡ ಮಾತು. ಇಸ್ತ್ರಿಯ ಧೋತರ, ಬಿಳಿ ಟೊಪ್ಪಿಗೆ, ಕಾಲಿಗೆ ಬೀಗರ ಮನೆಗೆ ಹೋಗುವಾಗ ಹಾಕುವ ಚಪ್ಪಲಿ. ವಿಮಾನದ ಸುತ್ತ ಒಂದು ಸುತ್ತು ಹಾಕಿದ. ಹಿಂದಿನ ಪಂಖದ ಅಂಚನ್ನು ಬೆರಳಿನಿಂದ ಸವರಿದ. ಮಾಲು ನೋಡುವಾಗ ಅವನು ಯಾವತ್ತೂ ಹಾಗೆಯೇ.

ಪಕ್ಕದ ಸೀಟಿನಲ್ಲಿ ಕೂರಿಸಿ ಬೆಲ್ಟು ಬಿಗಿದೆ. ಕಿವಿಗೆ ಹಾಕುವ ಹೆಡ್‌ಸೆಟ್ ಕೊಟ್ಟರೆ ತಳ್ಳಿಬಿಟ್ಟ. "ಟೊಪಗಿ ತಗಿಯಾಂವ ಅಲ್ಲ ನಾ," ಅಂದ. ನನ್ನದು ಅದೇ ತಿಂಗಳು ತರಿಸಿದ ಹೊಸ ಹೆಡ್‌ಸೆಟ್, ಎಂಜಿನ್ನಿನ ಗದ್ದಲವನ್ನೆಲ್ಲ ನುಂಗಿ ಹಾಕುವಂಥದ್ದು. ಕಿವಿಯನ್ನೇ ನಂಬಿದವ ದುಡ್ಡು ಕೊಟ್ಟು ಕಿವಿ ಮುಚ್ಚಿಕೊಂಡಿದ್ದೆ. ಅದು ಆಗ ಹೊಳೆಯಲಿಲ್ಲ.

ಎರಡೂ ಎಂಜಿನ್ ಹಚ್ಚಿ ಓಟದಾರಿಯ ತುದಿಗೆ ಹೋದೆವು. ತಿರುಗಿ ನಿಲ್ಲುವಷ್ಟರಲ್ಲಿ ಎದುರಿಗೆ ಕುರಿಗಳು. ನೂರಕ್ಕೆ ಕಡಿಮೆಯಿಲ್ಲದ ಹಿಂಡು ನಡುವೆಯೇ ಅಡ್ಡ ದಾಟುತ್ತಿತ್ತು. ಕುರುಬ ತನಗೆ ಬೇಕಾದ ಹೊತ್ತು ತೆಗೆದುಕೊಂಡ. ಕಾವಲಿನ ಮುದುಕ ದೂರದಿಂದ ಟವೆಲು ಬೀಸಿ ಬೈಯುವುದು ಕಾಣುತ್ತಿತ್ತು. ಬಿಸಿಲು ಏರಿತ್ತು, ಹಿಂದಿನಿಂದ ಬಿಸಿ ಗಾಳಿ ಬೀಸುತ್ತಿತ್ತು. ಎಂಜಿನ್ನುಗಳು ಸಣ್ಣಗೆ ಗುರುಗುಟ್ಟುತ್ತ ಹತ್ತು ನಿಮಿಷ ಕಾದವು. ಅಪ್ಪನ ಎದುರು ಹೀಗಾಯಿತಲ್ಲ ಎಂದು ನಾಚಿಕೆಯಿಂದ ನಾನು ಕುರಿಗಳನ್ನೇ ದುರುಗುಟ್ಟಿ ನೋಡುತ್ತಿದ್ದೆ. ಆ ನಡುವೆ ಒಮ್ಮೆ ಅಪ್ಪ ಕತ್ತು ತಿರುಗಿಸಿ ಹಿಂದೆ ನೋಡಿದ. ಆಮೇಲೆ ನನ್ನ ಕೈ ನೋಡಿದ. ಆಮೇಲೆ ಮುಂದೆ ನೋಡಿಕೊಂಡು ಕೂತ.

ಕೊನೆಯ ಕುರಿ ದಾಟಿದ್ದೇ ತಡ, ವೇಗದ ಎರಡೂ ಹಿಡಿಕೆಗಳನ್ನು ಒಟ್ಟಿಗೆ ಮುಂದಕ್ಕೆ ನೂಕಿದೆ. ವಿಮಾನ ಓಡಿತು. ಅಡ್ಡಾದಿಡ್ಡಿ ಎಳೆಯಲಿಲ್ಲ, ನಡುಗಲಿಲ್ಲ. ಸ್ವಲ್ಪ ಮಂದ ಅನ್ನಿಸಿತು. ಬಿಸಿಲಿಗೆ ಹೀಗೆಯೇ, ಅಪ್ಪನ ತೂಕ ಬೇರೆ ಇದೆ ಅಂದುಕೊಂಡೆ. ಯಾವಾಗಲೂ ನೆಲ ಬಿಡುವ ಜಾಗ ಬಂತು, ನೆಲ ಬಿಡಲಿಲ್ಲ. ಶೆಡ್ಡು ಹಿಂದೆ ಸರಿಯಿತು. ಆಗ ನಿಲ್ಲಿಸಬೇಕಿತ್ತು. ಅಪ್ಪನನ್ನು ಕೂರಿಸಿಕೊಂಡು ಅರ್ಧಕ್ಕೆ ನಿಲ್ಲಿಸಿದರೆ ಅವನು ಏನಂದುಕೊಂಡಾನು ಎನ್ನುವ ಒಂದು ಯೋಚನೆ ಬಂತು, ಅಷ್ಟೇ. ಆ ಯೋಚನೆ ಮುಗಿಯುವಷ್ಟರಲ್ಲಿ ನಿಲ್ಲಿಸುವಷ್ಟು ದಾರಿ ಉಳಿದಿರಲಿಲ್ಲ.

ಓಟದಾರಿ ಮುಗಿಯುವ ಕಡೆ ಚಕ್ರಗಳು ನೆಲ ಬಿಟ್ಟವು. ಮುಂದೆ ಜಾಲಿ ಗಿಡಗಳ ಸಾಲು, ಅದರಾಚೆ ಕಾರ್ಖಾನೆ ಕಡೆಗೆ ಹೋಗುವ ಹೈಟೆನ್ಷನ್ ತಂತಿ. ಬೇರೆ ದಿನ ಆ ತಂತಿಯನ್ನು ನಾನು ಕಣ್ಣೆತ್ತಿಯೂ ನೋಡಿದವನಲ್ಲ, ಅದು ಎಲ್ಲೋ ಕೆಳಗೆ ಇರುತ್ತಿತ್ತು. ಇವತ್ತು ಕಣ್ಣಿನ ಮಟ್ಟಕ್ಕಿಂತ ಮೇಲಿತ್ತು. ಚಕ್ರ ಮಡಚಿದರೆ ಹಗುರಾದೀತು ಎಂದು ಕೈ ತಾನೇ ಹೋಯಿತು. ಹೋದ ಕೈಯನ್ನು ಎಳೆದುಕೊಂಡೆ. ಈ ವಿಮಾನದಲ್ಲಿ ಚಕ್ರ ಒಳಗೆ ಹೋಗುವ ಮೊದಲು ದೊಡ್ಡ ಬಾಗಿಲುಗಳು ತೆರೆದುಕೊಳ್ಳುತ್ತವೆ, ಗಾಳಿಗೆ ಅಡ್ಡ ನಿಲ್ಲುತ್ತವೆ. ಇರುವ ವೇಗವೂ ಹೋಗುತ್ತಿತ್ತು. ಗಿಡಗಳ ತುದಿ ಚಕ್ರಕ್ಕೆ ತಾಗಿತೋ ಇಲ್ಲವೋ ಇಂದಿಗೂ ಗೊತ್ತಿಲ್ಲ.

ಆಗ ಮುಳ್ಳು ನೋಡಿದೆ. ಹಿಂದಿನ ಎಂಜಿನ್ನಿನ ಇಂಧನದ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು.

ಹಿಂದಿನ ಪಂಖ ಗಾಳಿಗೆ ಸುಮ್ಮನೇ ಗಿರಗಿರ ತಿರುಗುತ್ತ ನಮ್ಮನ್ನು ಹಿಂದಕ್ಕೆ ಜಗ್ಗುತ್ತಿತ್ತು. ಅದರ ಅಲಗುಗಳನ್ನು ಗಾಳಿಗೆ ಅಂಚು ಕೊಟ್ಟು ನಿಲ್ಲಿಸಬೇಕು, ಅದಕ್ಕೊಂದು ಹಿಡಿಕೆ ಇದೆ. ಅದರ ಪಕ್ಕದಲ್ಲೇ ಮುಂದಿನದರ ಹಿಡಿಕೆ. ಎರಡೂ ಒಂದೇ ಆಕಾರ, ಒಂದೇ ಬಣ್ಣ. ತಪ್ಪಿದ್ದನ್ನು ಎಳೆದರೆ ಇರುವ ಒಂದು ಎಂಜಿನ್ನೂ ಹೋಯಿತು. ತಂತಿ ಹತ್ತಿರವಾಗುತ್ತಿತ್ತು. ಹಿಡಿಕೆಯ ಮೇಲೆ ಕೈಯಿಟ್ಟು, ಬರೆದದ್ದನ್ನು ಒಂದು ಸಲ ಓದಿದೆ, ಇನ್ನೊಂದು ಸಲ ಓದಿದೆ. ಆ ಎರಡನೆಯ ಓದಿನಷ್ಟು ಉದ್ದದ ಹೊತ್ತನ್ನು ನಾನು ಜೀವನದಲ್ಲಿ ಕಂಡಿಲ್ಲ. ಎಳೆದೆ. ಬೆನ್ನ ಹಿಂದಿನ ಜಗ್ಗಾಟ ಸಡಿಲಾಯಿತು.

ತಂತಿಯ ಮೇಲೆ ದಾಟುವ ಮಾತಂತೂ ಇರಲಿಲ್ಲ. ರೆಕ್ಕೆಯನ್ನು ತುಸುವೇ ವಾಲಿಸಿ, ತಂತಿಗೆ ಸಮವಾಗಿ, ಹೊಳೆಯ ಕಡೆಗೆ ತಿರುಗಿಸಿದೆ. ಹೆಚ್ಚು ವಾಲಿಸಿದರೆ ಕೆಳಗೆ ಬೀಳುತ್ತೇವೆ, ಕಡಿಮೆ ವಾಲಿಸಿದರೆ ತಂತಿಗೆ ಸಿಕ್ಕುತ್ತೇವೆ. ಕಂಬಗಳು ಬಲಗಡೆ ಒಂದೊಂದಾಗಿ ಹೋದವು. ಅಷ್ಟರಲ್ಲಿ ನೆಲ ಕೆಳಗೆ ಜಾರಿತು. ದಂಡೆ ದಾಟಿದ್ದೆವು, ಕೆಳಗೆ ಮರಳು, ನಡುವೆ ಸಣ್ಣ ನೀರು. ವಿಮಾನ ಏರಿರಲಿಲ್ಲ, ನೆಲವೇ ಇಳಿದು ನಮಗೆ ಎತ್ತರ ಕೊಟ್ಟಿತ್ತು.

ಆಗ ಅಪ್ಪನ ನೆನಪಾಯಿತು. ಅವನು ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟು ಕಿಟಕಿಯಾಚೆ ನೋಡುತ್ತಿದ್ದ. ಮುಖ ಶಾಂತವಾಗಿತ್ತು. ಇವನಿಗೆ ಏನೂ ಗೊತ್ತಾಗಿಲ್ಲ ಎಂದು ಖಾತ್ರಿಯಾಯಿತು. ಗೊತ್ತಾಗಲೂಬಾರದು. ನಾನು ಹಲ್ಲು ಕಿಸಿದು, ಕೈ ಮಾಡಿ ಹೊಳೆ ತೋರಿಸಿದೆ. ಹೊಳೆ ತೋರಿಸಲೆಂದೇ ಇಷ್ಟು ಕೆಳಗೆ ತಂದಿದ್ದೇನೆ ಅನ್ನುವ ಹಾಗೆ. "ಉಸುಕು ನೋಡಪಾ, ಎಷ್ಟು ಚಂದ ಕಾಣತೈತಿ!" ಎಂದು ಕೂಗಿದೆ. ಅಪ್ಪ ತಲೆಯಾಡಿಸಿದ. ನನ್ನ ಅಂಗಿಯ ಬೆನ್ನು ಸೀಟಿಗೆ ಅಂಟಿಕೊಂಡಿತ್ತು.

ಹೊಳೆಯ ಗುಂಟ ಹೋಗುತ್ತ ಅಂಗುಲ ಅಂಗುಲವಾಗಿ ಎತ್ತರ ಗಳಿಸಿದೆ. ಮುಂದಿನ ಎಂಜಿನ್ನಿನ ಶಾಖದ ಮುಳ್ಳು ಕೆಂಪು ಗೆರೆಯ ಕಡೆ ಹೋಗುತ್ತಿತ್ತು. ಏರಬೇಕೆಂದರೆ ಎಂಜಿನ್ನನ್ನು ದಂಡಿಸಬೇಕು, ದಂಡಿಸಿದರೆ ಅದೂ ಕೈಕೊಟ್ಟೀತು. ಸುಮ್ಮನೆ ಆಚೆ ಹಾರಿಹೋಗಿ ರಾಣೆಬೆನ್ನೂರಿನ ಆಚೆ ಹೊಸದಾಗಿ ಮಾಡುತ್ತಿದ್ದ ಚತುಷ್ಪಥದ ಖಾಲಿ ತುಂಡಿನ ಮೇಲೆ ಇಳಿಸಿದರೆ ಹೇಗೆ ಎಂದು ಒಂದು ಕ್ಷಣ ಯೋಚಿಸಿದೆ. ಅಲ್ಲಿ ರೋಲರುಗಳಿರುತ್ತವೆ, ಕಲ್ಲಿನ ರಾಶಿಗಳಿರುತ್ತವೆ. ಬೇಡ. ಹೆಡ್‌ಸೆಟ್ಟನ್ನು ಕಿತ್ತು ಹಿಂದಕ್ಕೆ ಎಸೆದೆ. ಆಗ ಕೇಳಿಸಿತು, ಒಂದೇ ಎಂಜಿನ್ನಿನ ಬಡಕಲು ಸದ್ದು. ಯಾವ ಕಿವುಡನಿಗೂ ಗೊತ್ತಾಗುವಂಥ ಸದ್ದು.

ಅಗಲವಾಗಿ ಒಂದು ತಿರುವು ತೆಗೆದುಕೊಂಡು ಓಟದಾರಿಗೆ ಮುಖ ಮಾಡಿದೆ. ದೂರದಿಂದ ಅದರ ನಡುವೆ ಏನೋ ಬೆಳ್ಳಗೆ ಕಂಡಿತು. ಅವೇ ಕುರಿಗಳು, ಬಂದ ದಾರಿಯಲ್ಲೇ ಮರಳುತ್ತಿದ್ದವು. ಇನ್ನೊಂದು ಸುತ್ತು ಹಾಕುವ ಶಕ್ತಿ ಆ ಎಂಜಿನ್ನಿಗಿರಲಿಲ್ಲ. ಇಳಿಯಲೇಬೇಕು. ಮುದುಕ ಧೋತರ ಎತ್ತಿ ಕಟ್ಟಿ ಓಡುವುದು ಕಾಣಿಸಿತು, ಕೋಲು ಬೀಸುವುದು ಕಾಣಿಸಿತು. ಅವನ ಬಾಯಿಂದ ಬರುತ್ತಿದ್ದ ಬೈಗುಳಗಳು ಕೇಳಿಸದಿದ್ದರೂ ಅವು ಯಾವುವು ಎಂದು ನನಗೆ ಗೊತ್ತಿತ್ತು. ಹಿಂಡು ಎರಡಾಗಿ ಸೀಳಿತು. ಅರ್ಧ ಎಡಕ್ಕೆ, ಅರ್ಧ ಬಲಕ್ಕೆ. ಅವುಗಳ ನಡುವೆ ಚಕ್ರ ಊರಿತು. ಒಂದು ಕುರಿಮರಿ ರೆಕ್ಕೆಯ ಕೆಳಗೇ ಓಡಿಹೋಯಿತು. ವಿಮಾನ ಓಡಿ ಓಡಿ ಶೆಡ್ಡಿನ ಎದುರು ನಿಂತಿತು.

ಎಂಜಿನ್ ಆರಿಸಿದೆ. ಅಪ್ಪ ತಾನೇ ಬೆಲ್ಟು ಬಿಚ್ಚಿಕೊಂಡ.

"ಚಲೋ ಐತಿ. ಇಟ್ಕೋ," ಅಂದ.

ಗೆದ್ದೆ ಅನ್ನಿಸಿತು. ಸುಳ್ಳು ಹೇಳುವುದಿಲ್ಲ, ಆ ಕ್ಷಣಕ್ಕೆ ನಾನು ಬದುಕಿದ್ದಕ್ಕಿಂತ ವಿಮಾನ ಉಳಿದದ್ದಕ್ಕೇ ಹೆಚ್ಚು ಹಿಗ್ಗಿದೆ. ಬಾಯಿ ಮುಚ್ಚಿಕೊಂಡಿದ್ದರೆ ಆಯಿತು. ಎಂಜಿನಿಯರನ್ನು ಕರೆಸಿ ಹಿಂದಿನದನ್ನು ರಿಪೇರಿ ಮಾಡಿಸುವುದು, ಇನ್ನು ಮೇಲೆ ಮುಳ್ಳು ನೋಡುವುದು. ಇದೆಲ್ಲ ಲೆಕ್ಕ ಹಾಕಿಕೊಂಡು ಕೆಳಗಿಳಿದೆ. ಅಪ್ಪ ಆಗಲೇ ಹಿಂದೆ ಹೋಗಿ ಪಂಖದ ಹತ್ತಿರ ನಿಂತಿದ್ದ. ಅದರ ಅಲಗುಗಳು ಅಂಚು ತಿರುಗಿಸಿಕೊಂಡು ನಿಂತಿದ್ದವು.

"ಇದು ನಿಂತಿದ್ದು ಯಾವಾಗ ಗೊತ್ತಾತು ನಿನಗ?" ಎಂದು ಕೇಳಿದ.

"ತಂತಿ ಬಂದಾಗ," ಅಂದೆ. "ನಿನಗ?"

"ಕುರಿ ದಾಟುವಾಗ. ಎರಡು ಸದ್ದು ಇದ್ದದ್ದು ಒಂದಾತು."

"ಮತ್ತ ಯಾಕ ಹೇಳಲಿಲ್ಲಪಾ?"

"ಮೊದಲ ನೀನ ನಿಲ್ಸೀದಿ ಅನ್ಕೊಂಡೆ. ಹಂಗ ಮಾಡ್ತಾರೇನೋ ಅಂತ. ಗಿಡದ ಮ್ಯಾಲಿಂದ ಹಾಯುವಾಗ ನಿನ್ನ ಮಾರಿ ನೋಡಿದೆ. ಆವಾಗ ತಿಳೀತು."

"ಆವಾಗರ ಹೇಳಬೇಕಿಲ್ಲೋ! ಸಾಯ್ತಿದ್ವಿ ನಾವು!" ನಾನು ಕಿರುಚಿದೆ. ಮುದುಕ ಕೋಲು ಹಿಡಿದು ಬರುತ್ತಿದ್ದವ ಅಲ್ಲೇ ನಿಂತುಬಿಟ್ಟ.

"ಹೌದು," ಅಂದ ಅಪ್ಪ. "ಆದ್ರ ನಿನ್ನ ಕೈ ಮಾಲಿನಾಗ ಇತ್ತಲ್ಲೋ."

ಇದನ್ನು ನಮ್ಮ ಮಾರುಕಟ್ಟೆಯವರು ಮಾತ್ರ ಹೇಳಿಯಾರು. ವ್ಯಾಪಾರಿ ರಾಶಿಯೊಳಗೆ ಕೈ ಹಾಕಿ ಮೆಣಸಿನಕಾಯಿ ಪರೀಕ್ಷೆ ಮಾಡುವಾಗ ಪಕ್ಕದಲ್ಲಿ ನಿಂತವರು ಬಾಯಿ ಹಾಕುವಂತಿಲ್ಲ. ಅಣ್ಣ ತಮ್ಮನಿಗೆ ಹೇಳುವಂತಿಲ್ಲ, ಅಪ್ಪ ಮಗನಿಗೆ ಹೇಳುವಂತಿಲ್ಲ. ಕೈ ಹೊರಗೆ ತೆಗೆಯುವ ತನಕ ಆ ರಾಶಿ ಅವನದು, ತಪ್ಪೂ ಅವನದು. ನನಗೆ ಹತ್ತೊಂಬತ್ತಿದ್ದಾಗ ನಡುವೆ ತೇವದ ಕಾಯಿ ತುಂಬಿದ್ದ ಒಂದು ರಾಶಿಯನ್ನು ಚಲೋ ಮಾಲು ಎಂದು ಖರೀದಿಸಿದೆ. ಅಪ್ಪ ಮೊಳದಷ್ಟು ದೂರದಲ್ಲಿ ನಿಂತು ನೋಡುತ್ತಿದ್ದ. ಒಂದು ಸಲ ಕೆಮ್ಮಲೂ ಇಲ್ಲ. ಮಗನಿಗೆ ಕಲಿಸುವ ರೀತಿ ಇದು ಎಂದು ಇಡೀ ಓಣಿ ಅವನನ್ನು ಮೆಚ್ಚಿಕೊಂಡಿತ್ತು. ಆಮೇಲೆ ನಾನೂ ಮೆಚ್ಚಿಕೊಂಡಿದ್ದೆ. ಆ ದಿನ ಹೋಗಿದ್ದು ಕೆಲವು ಚೀಲ ಕಾಯಿ. ಈ ದಿನ ಅವನು ತನ್ನ ಜೀವವನ್ನೇ ಹಾಗೆ ಇಟ್ಟುಕೊಂಡು ಕೂತಿದ್ದ. ನಾನು ಹಲ್ಲು ಕಿಸಿದು ಉಸುಕು ತೋರಿಸಿದಾಗ ಎಲ್ಲ ಗೊತ್ತಿದ್ದೂ ತಲೆಯಾಡಿಸಿದ್ದ.

ತಿರುಗಿ ಬರುವಾಗ ಕಾರು ನಾನೇ ನಡೆಸಿದೆ. ರಾಣೆಬೆನ್ನೂರು ದಾಟಿದೆವು. ಸಿಟ್ಟು, ಭಯ, ಪ್ರೀತಿ ಮೂರೂ ಕಲಸಿಕೊಂಡು ಎದೆಯಲ್ಲಿ ಕೂತಿದ್ದವು. ಕೊನೆಗೆ ಕೇಳಿದೆ.

"ಅಪ್ಪಾ, ಇನ್ನೊಮ್ಮೆ ಹಿಂಗಾದ್ರ ಹೇಳ್ತಿಯೇನು?"

ಅವನು ಸುಳ್ಳು ಹೇಳುವವನಲ್ಲ. ಹೂಂ ಅಂದುಬಿಟ್ಟರೆ ಮುಗಿಯುತ್ತಿತ್ತು, ನಾನೂ ನಂಬುತ್ತಿದ್ದೆ. ಮೋಟೆಬೆನ್ನೂರು ಬರುವ ತನಕ ಯೋಚಿಸಿದ.

"ಬಾಯಿಗೆ ಬರಂಗಿಲ್ಲೋ," ಅಂದ. "ಹೇಳಬೇಕು ಅಂತ ಆ ತಂತಿ ಬಂದಾಗ ಅನಿಸ್ತು. ನೀ ಹಿಡಿಕಿ ಮ್ಯಾಲೆ ಕೈ ಇಟ್ಟಿದ್ದಿ. ನಾ ಬಾಯಿ ತಗದ್ರ ಆ ಕೈ ಅಲ್ಲಾಡತೈತಿ. ನಿನಗ ತಿಳೀತೈತಿ ಅಂತ ಸುಮ್ಮ ಕುಂತೆ. ತಿಳೀತಲ್ಲ ಮತ್ತ."

ಎಂಜಿನಿಯರು ಬಂದು ನೋಡಿದರು. ಬಿಸಿಲಲ್ಲಿ ಬಹಳ ಹೊತ್ತು ನಿಂತದ್ದಕ್ಕೆ ಇಂಧನ ಕೊಳವೆಯಲ್ಲೇ ಆವಿಯಾಗಿ ಎಂಜಿನ್ ನಿಂತಿದೆ, ಯಂತ್ರದಲ್ಲಿ ದೋಷವಿಲ್ಲ ಅಂದರು. ಆಮೇಲೆ ನಾಲ್ಕು ಭಾನುವಾರ ನಾನೊಬ್ಬನೇ ಹಾರಿದೆ, ಮುಳ್ಳು ನೋಡಿ ಹಾರಿದೆ. ಎಲ್ಲ ಸರಿಯಿತ್ತು. ಐದನೆಯ ಭಾನುವಾರ ಬೆಳಗ್ಗೆ ಅಪ್ಪ ಇಸ್ತ್ರಿಯ ಧೋತರ ಉಟ್ಟು ಕಾರಿನ ಹತ್ತಿರ ನಿಂತಿದ್ದ. "ನಾನೂ ಬರ್ತೇನಿ," ಅಂದ. ಅವನಿಗೆ ರುಚಿ ಹತ್ತಿತ್ತು. ಮೇಲಿಂದ ನಮ್ಮ ಬ್ಯಾಡಗಿ ಕೆಂಪಗೆ ಕಾಣುತ್ತದೆಂದು ನಾನೇ ಹೇಳಿದ್ದೆ, ಅದನ್ನು ನೋಡಬೇಕಂತೆ. ಆ ದಿನ ಏನೋ ನೆಪ ಹೇಳಿ ಹೋಗಲೇ ಇಲ್ಲ. ಮುಂದಿನ ಭಾನುವಾರವೂ ಅವನು ನಿಂತಿದ್ದ, ಅದರ ಮುಂದಿನ ಭಾನುವಾರವೂ. ಅವನನ್ನು ಬಿಟ್ಟು ಹೋಗಲು ಮನಸ್ಸು ಬರುತ್ತಿರಲಿಲ್ಲ, ನಾನು ಮತ್ತೆ ತಪ್ಪಿದರೂ ಹೀಗೆಯೇ ನಂಬಿ ಕೂತಿರುವವನನ್ನು ಕೂರಿಸಿಕೊಂಡು ಹೋಗಲು ಧೈರ್ಯ ಬರುತ್ತಿರಲಿಲ್ಲ.

ಮಳೆಗಾಲಕ್ಕೆ ಮೊದಲು ಅದನ್ನು ಮಾರಿದೆ. ಕೊಂಡವರ ಊರಿಗೆ ನಾನೇ ಹಾರಿಸಿಕೊಂಡು ಹೋಗಿ ಒಪ್ಪಿಸಬೇಕಿತ್ತು. ಹೊರಡುವ ದಿನ ಅಪ್ಪ ಓಟದಾರಿಗೆ ಬಂದ. "ಇದೊಂದು ಸಲ ಕುಂದರ್ತೇನಿ. ಬರುವಾಗ ರೈಲಿನಾಗ ಬರೂಣು," ಅಂದ.

"ಬ್ಯಾಡಪಾ," ಅಂದೆ.

"ಯಾಕ? ನಾ ಪಾಸ್ ಮಾಡಿದ ಮಾಲು ಮಾರಾಕತ್ತೀದಿ, ಅದನ್ನರ ಕೇಳಲಿಲ್ಲ ನಾ. ಈಗ ಕುಂದ್ರಾಕೂ ಬ್ಯಾಡ ಅಂತೀದಿ. ನಾ ಏನ್ ತಪ್ಪು ಮಾಡೇನಿ ಹೇಳು."

ಬಾಗಿಲು ಹಿಡಿದುಕೊಂಡು ನಿಂತೆ.

"ನೀ ನನ್ನ ಭಾಳ ನಂಬ್ತಿ ಅಪ್ಪಾ," ಅಂದೆ.

ನಾನು ಅವನನ್ನು ಹೊಗಳಿದೆನೆಂದು ತಿಳಿದು ಅಪ್ಪ ಬಾಯ್ತುಂಬ ನಕ್ಕ. ನನ್ನ ಬೆನ್ನಿನ ಮೇಲೆ ಎರಡು ಸಲ ತಟ್ಟಿ, ಬಿಸಿಲಿನಲ್ಲಿ ಹಿಂದೆ ಸರಿದು ನಿಂತ. ನಾನು ಬಾಗಿಲು ಹಾಕಿಕೊಂಡೆ.